ಭ್ರೂಣದ ಅಂಗಾಂಶ ಪಡೆಯುವ ಮುನ್ನ ಮಹಿಳೆಯ ಪ್ರತ್ಯೇಕ ಒಪ್ಪಿಗೆ ಕಡ್ಡಾಯಗೊಳಿಸಲು ಕೋರಿ ಮನವಿ ಪತ್ರ

ಗೆ,
ಮಾನ್ಯ ಆಯುಕ್ತರು,
ಬೃಹನ್ಮುಂಬಯಿ ಮಹಾನಗರಪಾಲಿಕೆ, ಮುಂಬಯಿ

ವಿಷಯ: ಗರ್ಭಪಾತದ ನಂತರದ ಅಂಗಾಂಶವನ್ನು ಸಂಶೋಧನೆಗೆ ಬಳಸುವ ಕುರಿತು.

ಮಾನ್ಯರೇ,

ಕೆಇಎಂ, ಸಯನ್, ನಾಯರ್, ಕೂಪರ್ ಆಸ್ಪತ್ರೆಗಳ ಸ್ತ್ರೀರೋಗ ವಿಭಾಗದ ಸಾಲಿನಲ್ಲಿ ನಮ್ಮ ಹೆಣ್ಣುಮಕ್ಕಳೂ ನಿಲ್ಲುತ್ತಾರೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರಲ್ಲಿ ಹಲವರಿಗೆ ಮರಾಠಿ ಮಾತು ತಿಳಿದರೂ ಓದು ಬಾರದು. ಗರ್ಭ ತೆಗೆಸುವ ಮುನ್ನ ಅವರು ಹೆಬ್ಬೆಟ್ಟು ಒತ್ತುವುದು ‘ಸಿ’ ನಮೂನೆಗೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯಡಿಯ ಆ ನಮೂನೆ ಗರ್ಭ ತೆಗೆಯಲು ಮಾತ್ರ ಒಪ್ಪಿಗೆ ಕೊಡುತ್ತದೆ. ಹೊರಬಂದ ಅಂಗಾಂಶವನ್ನು ಪ್ರಯೋಗಾಲಯಕ್ಕೆ ಒಯ್ಯಲು ಅಲ್ಲ. ಇತ್ತ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಲೆಕ್ಕದಲ್ಲಿ ಅದು ಹಳದಿ ಚೀಲಕ್ಕೆ ಹೋಗಬೇಕಾದ ತ್ಯಾಜ್ಯ. ಸುಡುವ ವಸ್ತು ತಾನೇ, ಕೇಳುವುದೇನಿದೆ ಎಂಬ ಉದಾಸೀನಕ್ಕೆ ಇಲ್ಲಿ ದಾರಿಯಿದೆ. ನಾವು ಯಾವ ಆಸ್ಪತ್ರೆಯ ಮೇಲೂ ಆರೋಪ ಹೊರಿಸುತ್ತಿಲ್ಲ. ಆ ದಾರಿ ಮುಚ್ಚಿ ಎನ್ನುತ್ತಿದ್ದೇವೆ.

ಸಂಶೋಧನೆಯೇ ಬೇಡ ಎನ್ನುವವರೂ ನಾವಲ್ಲ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ, 2018ರ ನವೆಂಬರಿನಲ್ಲಿ ಮಹಾರಾಷ್ಟ್ರದಲ್ಲಿ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಹಾಕಿಸಿದೆವು. ಆ ರುಬೆಲ್ಲಾ ವೈರಾಣುವನ್ನು ಬೆಳೆಸುವುದು ದಶಕಗಳ ಹಿಂದೆ ಭ್ರೂಣದಿಂದ ಪಡೆದ ಕೋಶಗಳ ಸಂತತಿಯಲ್ಲಿ. ಅಂಥ ಕೋಶಗಳಲ್ಲಿ ಹೆಸರಾದ ಡಬ್ಲ್ಯುಐ-38, 1962ರಲ್ಲಿ ಸ್ವೀಡನ್ನಿನ ಮಹಿಳೆಯೊಬ್ಬರ ಗರ್ಭಪಾತದಿಂದ ಬಂತು. ಆಕೆಯನ್ನು ಯಾರೂ ಕೇಳಲಿಲ್ಲ. ಲಸಿಕೆಯ ಉಪಕಾರ ದೊಡ್ಡದು, ನಿಜ. ಆದರೆ ಕೇಳಿದ್ದರೆ ಆ ಉಪಕಾರವೇನೂ ಕುಗ್ಗುತ್ತಿರಲಿಲ್ಲ.

ಮುಂಬಯಿಗೆ ಭ್ರೂಣ ಸಂಶೋಧನೆಯ ಕ್ಷೇತ್ರ ಹೊಸದಲ್ಲ. 1986ರ ಆಗಸ್ಟ್ 6ರಂದು ಕೆಇಎಂನಲ್ಲಿ ಡಾ. ಇಂದಿರಾ ಹಿಂದುಜಾ ಅವರ ಕೈಯಲ್ಲಿ ಪ್ರನಾಳ ಶಿಶು ಜನಿಸಿತು. ಪರೇಲ್‌ನ ಸಂತಾನೋತ್ಪತ್ತಿ ಸಂಶೋಧನಾ ಸಂಸ್ಥೆಯ ಡಾ. ಟಿ.ಸಿ. ಆನಂದಕುಮಾರ್ ಜೊತೆಗಿದ್ದರು. 2001ರಲ್ಲಿ ಅಮೆರಿಕ ಸರ್ಕಾರ ಅನುದಾನಕ್ಕೆ ಅರ್ಹವೆಂದ ಭ್ರೂಣಮೂಲದ ಸ್ಟೆಮ್ ಸೆಲ್ ತಳಿಗಳ ಪಟ್ಟಿಯಲ್ಲಿ ಮುಂಬಯಿಯ ರಿಲಯನ್ಸ್ ಲೈಫ್ ಸೈನ್ಸಸ್‌ನವು 7, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದವು 3 ಇದ್ದವು. ಇಷ್ಟು ಮುಂದಿರುವ ನಗರ ಒಪ್ಪಿಗೆಯ ವಿಷಯದಲ್ಲಿ ಹಿಂದುಳಿಯಬಾರದು.

ಆದ್ದರಿಂದ ನಮ್ಮ ಬೇಡಿಕೆಗಳು:

ಗರ್ಭ ತೆಗೆಸುವ ತೀರ್ಮಾನ ಆಗಿ, ‘ಸಿ’ ನಮೂನೆಗೆ ಸಹಿ ಬಿದ್ದ ಮೇಲಷ್ಟೇ ಅಂಗಾಂಶದ ಮಾತೆತ್ತಬೇಕು. ಅದಕ್ಕೆ ಬೇರೆಯೇ ಕಾಗದವಿರಬೇಕು. ಕೇಳುವವರು ಗರ್ಭಪಾತ ಮಾಡುವ ವೈದ್ಯರಾಗಲಿ, ಸಂಶೋಧನಾ ತಂಡದವರಾಗಲಿ ಆಗಿರಕೂಡದು. ಬೇಡ ಎಂದವಳ ಚಿಕಿತ್ಸೆ ಒಂದು ಗಂಟೆಯೂ ತಡವಾಗಬಾರದು. ಇದೇ ನಮ್ಮ ಮುಖ್ಯ ಬೇಡಿಕೆ, ಏಕೆಂದರೆ ಮಂಚದ ಮೇಲೆ ಮಲಗಿದವಳು ವೈದ್ಯರಿಗೆ ಇಲ್ಲ ಎನ್ನಲಾರಳು.

ಅಂಗಾಂಶಕ್ಕೆ ಹಣ, ಉಚಿತ ಔಷಧ, ಯಾವ ಆಮಿಷವೂ ಸಲ್ಲದು. ಸಂಶೋಧಕರ ಅನುಕೂಲಕ್ಕಾಗಿ ಗರ್ಭಪಾತದ ದಿನವನ್ನಾಗಲಿ ವಿಧಾನವನ್ನಾಗಲಿ ಬದಲಿಸಬಾರದು.

ಹೆಸರು, ವಿಳಾಸ ಪ್ರಯೋಗಾಲಯಕ್ಕೆ ಹೋಗಬಾರದು. ಗರ್ಭಪಾತ ಮಾಡಿಸಿಕೊಂಡವಳ ಗುರುತು ಬಯಲು ಮಾಡುವುದು 2021ರ ತಿದ್ದುಪಡಿಯಂತೆ ಶಿಕ್ಷಾರ್ಹ ಅಪರಾಧ.

ಪಾಲಿಕೆಯ ಆಸ್ಪತ್ರೆಗಳಿಂದ ಯಾವ ಸಂಶೋಧನೆಗೆ ಅಂಗಾಂಶ ಹೋಯಿತು, ಯಾವ ನೈತಿಕ ಸಮಿತಿ ಒಪ್ಪಿತು ಎಂಬುದನ್ನು ಪ್ರತಿವರ್ಷ ಪ್ರಕಟಿಸಬೇಕು.

ಒಪ್ಪಿಗೆ ಪತ್ರ ಕನ್ನಡದಲ್ಲೂ ಇರಬೇಕು. ಓದು ಬಾರದವರಿಗೆ ಆಸ್ಪತ್ರೆಗೆ ಸೇರದ ಸಾಕ್ಷಿಯೊಬ್ಬರ ಎದುರು ಓದಿ ಹೇಳಬೇಕು. ಪಾಲಿಕೆಯೇ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸುತ್ತಿರುವಾಗ ಒಂದು ಪುಟದ ಕನ್ನಡ ಭಾರವಾಗದು. ಅನುವಾದಕ್ಕೆ ನಾವೇ ನೆರವಾಗುತ್ತೇವೆ.

ಈ ಮನವಿಯ ಮರಾಠಿ ಪ್ರತಿ ಲಗತ್ತಿಸಿದೆ. ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ಮುಂಬಯಿ ಮತ್ತು ಉಪನಗರಗಳ ಕನ್ನಡಿಗ ನಾಗರಿಕರು