ಕಪ್ಪು ಬೀರಿನ ಪರೀಕ್ಷೆ

ಬೀರೆಂಬ ಮಾತನ್ನು ಕಂಡೊಡನೆ ಗೃಹಿಣಿಯರು ಪುಟ ತಿರುವಿ ಧಾರಾವಾಹಿಯತ್ತ ಸಾಗಿಬಿಡಬಾರದೆಂದು ಮೊದಲಲ್ಲಿಯೇ ವಿಜ್ಞಾಪನೆ. ಇಲ್ಲಿ ಕುಡಿತದ ಹೊಗಳಿಕೆಯಿಲ್ಲ. ತೆಗಳುವ ಕಾರ್ಯವನ್ನು ಬಲ್ಲವರು ಬೇಕಾದಷ್ಟು ಮಾಡಿದ್ದಾರೆ. ಇಲ್ಲಿರುವುದು ಒಂದು ಸೀಸೆ, ಒಬ್ಬ ಯುವಕ, ಒಬ್ಬ ಅಜ್ಜಿ. ಮೂವರ ನಡುವೆ ಮೊಳೆತ ಧಾನ್ಯದ ವಾಸನೆ.

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ಹಾದಿಯಲ್ಲಿ ತೆರಕಣಾಂಬಿ ಸಿಗುತ್ತದೆ. ಅದರ ಆಸುಪಾಸಿನ ಒಂದು ಹಳ್ಳಿಯಲ್ಲಿ, ಹೊರಗೆ ಹೊಲಗಳಲ್ಲಿ ಚೆಂಡುಹೂ ಅರಳಿದ್ದ ಒಂದು ಶನಿವಾರ, ಆ ಸೀಸೆ ನಡುಮನೆಗೆ ಬಂದಿತು. ತಂದವನು ಮನೆಯ ಮೊಮ್ಮಗ. ಮೈಸೂರಿನಲ್ಲಿ ಆಹಾರ ವಿಜ್ಞಾನವನ್ನೋದಿ ಪದವೀಧರನಾದವನು. ಬೆಂಗಳೂರಿನ ಒಂದು ಕಿರು ಬ್ರೂವರಿಯವರು ಅವನನ್ನು ಕೆಲಸಕ್ಕೆ ಕರೆದಿದ್ದರು. ಸೋಮವಾರದೊಳಗೆ ಉತ್ತರ ಹೇಳಬೇಕಾಗಿತ್ತು. ತಂದೆ ಮಾತಾಡಲಿಲ್ಲ. ತಾಯಿ ಅತ್ತೆಯ ಮುಖ ನೋಡಿದಳು. ಹೀಗೆ ತೀರ್ಪು ಅಜ್ಜಿಯ ಪಾಲಿಗೆ ಬಂದಿತು.

ಅಜ್ಜಿಗೆ ಈ ವಿಷಯದಲ್ಲಿ ಹಳೆಯ ಲೆಕ್ಕವೊಂದು ಉಳಿದಿತ್ತು. ಕರ್ನಾಟಕದಲ್ಲಿ ಸಾರಾಯಿಯ ಮಾರಾಟ ನಿಂತುದು 2007ರ ಜುಲೈ 1ರಂದು. ಅವಳ ಯಜಮಾನರು ಅದಕ್ಕೆ ಕೆಲವು ವರ್ಷ ಮೊದಲೇ ತೀರಿಕೊಂಡಿದ್ದರು; ಅವರಿಗಿಂತಲೂ ಮೊದಲು ಕೆರೆಯ ಕೆಳಗಿನ ಎರಡು ಎಕರೆ ತೀರಿಹೋಗಿತ್ತು. ಆ ಹೊಲದ ಬದುವಿನ ಮೇಲೆ ಇಂದಿಗೂ ಅಜ್ಜಿ ನಡೆಯುವುದಿಲ್ಲ; ಸುತ್ತುದಾರಿಯಲ್ಲಿ ಹೋಗುತ್ತಾಳೆ.

ಇಂತಹ ಮನೆಯಲ್ಲಿ ಬೀರಿನ ಸೀಸೆಗೆ ಯಾವ ಮರ್ಯಾದೆ ದೊರೆತೀತು? ಹಾಲು ಮೊಸರಿರುವ ಫ್ರಿಜ್ಜಿನಲ್ಲಿ ಅದಕ್ಕೆ ಸ್ಥಳ ಸಿಕ್ಕಲಿಲ್ಲ. ಮೊಮ್ಮಗ ಅದಕ್ಕೆ ಒದ್ದೆ ಬಟ್ಟೆ ಸುತ್ತಿ ಹಿತ್ತಲ ಮಣ್ಣಿನ ತೊಟ್ಟಿಯ ಮಗ್ಗುಲಲ್ಲಿ ಮರಳಿನೊಳಗೆ ಹೂಳಿಟ್ಟನು. ಒಂದು ದೃಷ್ಟಿಯಿಂದ ಅದೇ ಒಳ್ಳೆಯದಾಯಿತು. ಬೀರೆಂದರೆ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರಬೇಕೆಂದು ನಮ್ಮ ಜನ ತಿಳಿದಿದ್ದಾರೆ. ಅದು ತಿಳಿಬಣ್ಣದ ಬೀರಿಗೆ ಒಪ್ಪುವ ಮಾತು. ಕಪ್ಪು ಬೀರನ್ನು ಹಾಗೆ ಮರಗಟ್ಟಿಸಿದರೆ ಅದರ ವಾಸನೆಯೆಲ್ಲ ಒಳಗೇ ಅಡಗಿ, ನಾಲಗೆಗೆ ತಣುಪೊಂದೇ ಉಳಿಯುತ್ತದೆ. ಹತ್ತರಿಂದ ಹದಿಮೂರು ಡಿಗ್ರಿಯ ತಂಪು ಅದಕ್ಕೆ ಸಾಕು.

ಸೀಸೆ ಇಂಗ್ಲೆಂಡಿನದು, ಅಲ್ಲಿಂದ ಮರಳಿದ ಗೆಳೆಯನೊಬ್ಬ ತಂದುಕೊಟ್ಟದ್ದು. ಸಣ್ಣ ಬ್ರೂವರಿಯೊಂದರಲ್ಲಿ ತಯಾರಾದ ಓಟ್‌ಮೀಲ್ ಸ್ಟೌಟ್. ಸ್ಟೌಟ್ ಎಂಬುದು ಹುರಿದು ಕಪ್ಪಾದ ಜವೆಯಿಂದ ಬಣ್ಣವನ್ನೂ ಕಹಿಯನ್ನೂ ಪಡೆದ ಬೀರು. ಹದಿನೆಂಟನೆಯ ಶತಮಾನದ ಲಂಡನ್ನಿನ ಕೂಲಿಗಾರರು ಕುಡಿಯುತ್ತಿದ್ದ ಪೋರ್ಟರಿನ ವಂಶದ್ದು. ಅರ್ಥರ್ ಗಿನ್ನೆಸ್ ಎಂಬವನು ಡಬ್ಲಿನ್ನಿನಲ್ಲಿ ಒಂದು ಬ್ರೂವರಿಯನ್ನು ವರ್ಷಕ್ಕೆ 45 ಪೌಂಡುಗಳಂತೆ 9000 ವರ್ಷಗಳ ಗುತ್ತಿಗೆಗೆ ಹಿಡಿದುದು 1759ರಲ್ಲಿ; ನಮ್ಮ ಕಡೆಯ ಗುತ್ತಿಗೆದಾರರು ಕೇಳಿದರೆ ಹೊಟ್ಟೆಕಿಚ್ಚಿನಿಂದ ನಿದ್ದೆಗೆಟ್ಟಾರು. 1817ರಲ್ಲಿ ಡೇನಿಯಲ್ ವ್ಹೀಲರ್ ಎಂಬವನು ಕಾಫಿ ಹುರಿಯುವಂತಹ ತಿರುಗುವ ಉರುಳೆಯಲ್ಲಿ ಮೊಳೆತ ಜವೆಯನ್ನು ಕರಿಯ ಬಣ್ಣಕ್ಕೆ ಹುರಿಯುವ ವಿಧಾನಕ್ಕೆ ಹಕ್ಕುಪತ್ರ ಪಡೆದನು. ಇಂದು ಕಾಣುವ ಕಡುಗಪ್ಪು ಬಂದುದು ಅಲ್ಲಿಂದೀಚೆಗೆ.

ಓಟ್ಸ್ ಇದಕ್ಕೆ ಸೇರಿದ ಕಥೆ ಸ್ವಾರಸ್ಯವಾದುದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಓಟ್ಸ್ ಪುಷ್ಟಿಕರವೆಂಬ ಕೀರ್ತಿ ಬ್ರಿಟನ್ನಿನಲ್ಲಿ ಹರಡಿತು. ಬ್ರೂವರಿಯವರು ಒಡನೆಯೇ ಅದನ್ನು ಸ್ಟೌಟಿಗೆ ಬೆರೆಸಿ, ರೋಗಿಗಳಿಗೂ ಬಾಣಂತಿಯರಿಗೂ ಶಕ್ತಿ ಕೊಡುವುದೆಂದು ಮಾರತೊಡಗಿದರು. ಕೆಲವರು ಹಾಕುತ್ತಿದ್ದ ಓಟ್ಸ್ ಲೇಬಲ್ಲಿನ ಮೇಲೆ ಹೆಸರು ಅಚ್ಚುಹಾಕಿಸಲು ಸಾಲುವಷ್ಟೇ ಇದ್ದಿತಂತೆ! ವ್ಯಾಪಾರಿಗಳ ಬುದ್ಧಿಗೆ ದೇಶಭೇದವಿಲ್ಲ. ಬಾಣಂತಿಗೆ ಮದ್ಯ ಹಿತವೆಂಬ ಮಾತನ್ನು ಇಂದಿನ ವೈದ್ಯಶಾಸ್ತ್ರ ಒಪ್ಪುವುದಿಲ್ಲವೆಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಕಾಲಕ್ರಮದಲ್ಲಿ ಈ ಬೀರು ಹೆಚ್ಚುಕಡಮೆ ಮರೆತೇಹೋಯಿತು. ಮೈಕೇಲ್ ಜಾಕ್ಸನ್ ಎಂಬ ಬರಹಗಾರ (ಹಾಡುಗಾರನಲ್ಲ, ಬೀರಿನ ವಿಷಯವನ್ನೇ ಬರೆದು ಹೆಸರಾದವನು) 1977ರ ತನ್ನ ಗ್ರಂಥದಲ್ಲಿ ಅದನ್ನು ನೆನಪಿಸಿದನು. 1980ರಲ್ಲಿ ಯಾರ್ಕ್‌ಶೈರಿನ ಟ್ಯಾಡ್‌ಕಾಸ್ಟರಿನಲ್ಲಿ ಸ್ಯಾಮ್ಯುಯೆಲ್ ಸ್ಮಿತ್ ಬ್ರೂವರಿಯವರು ಅದನ್ನು ಮತ್ತೆ ತಯಾರಿಸಿದರು. ಅಂದಿನಿಂದ ಅದು ಹಲವು ದೇಶಗಳ ಸಣ್ಣ ಬ್ರೂವರಿಗಳಿಗೆ ಹಬ್ಬಿತು.

ಓಟ್ಸಿನ ಮೇಲೆ ವಿದ್ವಾಂಸರ ತಾತ್ಸಾರವೂ ಹಳೆಯದು. ಡಾಕ್ಟರ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ ಆ ಧಾನ್ಯ ಇಂಗ್ಲೆಂಡಿನಲ್ಲಿ ಕುದುರೆಗಳಿಗೆ, ಸ್ಕಾಟ್ಲೆಂಡಿನಲ್ಲಿ ಮನುಷ್ಯರಿಗೆ ಆಹಾರವೆಂದು ಅರ್ಥ ಬರೆದು ನಕ್ಕನು. ಕನ್ನಡಿಗರಿಗೆ ಈ ಜಗಳ ಅಪರಿಚಿತವಲ್ಲ. ಕನಕದಾಸರ ರಾಮಧಾನ್ಯ ಚರಿತ್ರೆಯಲ್ಲಿ ಅಕ್ಕಿ ರಾಗಿಯನ್ನು ಹೀಗೆಯೇ ಹೀಗಳೆಯುತ್ತದೆ; ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ; ಹೊರಬಂದಾಗ ಅಕ್ಕಿ ಕಳೆಗುಂದಿರುತ್ತದೆ, ರಾಗಿ ಇದ್ದಂತೆಯೇ ಇರುತ್ತದೆ. ಜಾನ್ಸನ್ನನ ಕೈಗೆ ಆ ಕಾವ್ಯ ಸಿಕ್ಕಿದ್ದರೆ ನಿಘಂಟಿನ ಒಂದು ಸಾಲು ಬದಲಾಗುತ್ತಿತ್ತೋ ಏನೋ.

ಸಂಜೆ ಮೊಮ್ಮಗ ಸೀಸೆಯನ್ನು ಅಗೆದು ತೆಗೆದನು. ಸ್ಟೀಲ್ ಲೋಟದಲ್ಲಿ ಬಣ್ಣ ಕಾಣದೆಂದು ಗಾಜಿನ ಲೋಟವನ್ನು ತನ್ನ ಚೀಲದಲ್ಲಿಯೇ ತಂದಿದ್ದನು. ನೆಂಟರಿಗೆ ಪಾನಕ ಕೊಡುವ ಲೋಟವನ್ನು ಅಜ್ಜಿ ಕೊಡಳೆಂದು ಅವನಿಗೆ ಗೊತ್ತಿತ್ತು. ಓರೆಯಾಗಿ ಹಿಡಿದು ಹೊಯ್ದಂತೆ ಕಂದುಬಣ್ಣದ ನೊರೆ ಎರಡು ಬೆರಳಷ್ಟು ಎದ್ದು, ಕಾಫಿಯ ಮೇಲಿನ ನೊರೆಯಂತೆ ಗಟ್ಟಿಯಾಗಿ ನಿಂತಿತು.

“ಇದ್ಯಾನ ಮಗ, ಕಷಾಯವ?”

“ಅಲ್ಲ ಅಜ್ಜಿ, ಬೀರು. ಕುಡಿಯೋಕಲ್ಲ, ಪರೀಕ್ಷೆ ಮಾಡೋಕೆ. ಧರೆಗೆ ದೊಡ್ಡಯ್ಯನೇ ಕಲ್ಯಾಣಕ್ಕೆ ಹೆಂಡ ಹೊತ್ತುಕೊಂಡು ಹೋಗಲಿಲ್ವ?”

ಮಂಟೇಸ್ವಾಮಿಯ ಕಥೆಯನ್ನು ನೀಲಗಾರರ ಬಾಯಲ್ಲಿ ರಾತ್ರಿಯೆಲ್ಲ ಕೂತು ಕೇಳಿದವಳು ಆ ಅಜ್ಜಿ. ಅವಳ ಎದುರಿಗೆ ಆ ಪ್ರಸಂಗವನ್ನು ಎತ್ತಿದ್ದು ಮೊಮ್ಮಗನ ಅವಿವೇಕ.

“ಅವರು ಹೊತ್ಕಂಡು ಹೋದದ್ದು ಶರಣರ ಪರೀಕ್ಸ ಮಾಡಕ. ನಿಮ್ಮ ತಾತ ಹೊತ್ಕಂಡು ಬತ್ತಿದ್ದದ್ದು ಹೊಟ್ಟಗ.”

ಆಮೇಲೆ ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಕುಡುಕನೊಬ್ಬನ ಬಾಯಿಂದ ಕನ್ನಡದಲ್ಲಿ ಅಮರವಾದ ಪದಗಳನ್ನು ಹಾಡಿಸಿದ ರಾಜರತ್ನಂ ಅವರು ಸ್ವತಃ ಕುಡಿದವರಲ್ಲ. ಗುಂಡ್ಲು ಪಂಡಿತ ರಾಜರತ್ನಂ ಎಂಬ ಪೂರ್ಣನಾಮವನ್ನು ಕೇಳಿದಾಗ ಗುಂಡ್ಲುಹೊಳೆಯ ದಡದವರಿಗೆ ಸಣ್ಣದೊಂದು ಹೆಮ್ಮೆಯಾಗುವುದು ಸಹಜ. ಆದರೆ ರತ್ನನ ಪದಗಳನ್ನು ಓದಿ ನಗುವುದು ಬೇರೆ, ರತ್ನನ ಹೆಂಡತಿಯಾಗಿ ಬಾಳುವುದು ಬೇರೆ. ಅಜ್ಜಿ ಬಾಳಿದವಳು.

ಮೊಮ್ಮಗ ವಾದಕ್ಕಿಳಿಯದೆ ಒಂದು ಕಾಗದವನ್ನು ತೆಗೆದನು. ಬೀರಿನ ಪರೀಕ್ಷಕರಿಗೆಂದು ಅಮೆರಿಕೆಯಲ್ಲಿ 1985ರಲ್ಲಿ ಒಂದು ಸಂಸ್ಥೆ ಹುಟ್ಟಿತು: ಬೀರ್ ಜಡ್ಜ್ ಸರ್ಟಿಫಿಕೇಷನ್ ಪ್ರೋಗ್ರಾಂ. ಅವರ ಅಂಕಪಟ್ಟಿ ಐವತ್ತಕ್ಕೆ. ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ತಾಕುವ ಗುಣಕ್ಕೆ 5, ಒಟ್ಟು ಅಭಿಪ್ರಾಯಕ್ಕೆ 10. ನೋಟಕ್ಕೆ ಇಷ್ಟು ಕಡಮೆ ಅಂಕಗಳನ್ನಿಟ್ಟ ಜನ ವಿವೇಕಿಗಳೇ ಸರಿ. ನಮ್ಮ ಹೆಣ್ಣು ನೋಡುವ ಶಾಸ್ತ್ರದವರು ಇದನ್ನು ಗಮನಿಸಬಹುದು. ಮೊದಲು ಮೂಸಬೇಕು, ಅದೂ ಹೊಯ್ದ ಕೂಡಲೆ. ಸೂಕ್ಷ್ಮವಾದ ವಾಸನೆಗಳು ಬೇಗ ಹಾರಿಹೋಗುತ್ತವೆ. ಬಳಿಕ ಬೆಳಕಿಗೆ ಹಿಡಿಯಬೇಕು. ಕೊನೆಗೆ ಒಂದು ಗುಟುಕು. ಲೋಟ ಬರಿದು ಮಾಡುವ ಅಗತ್ಯ ಪರೀಕ್ಷಕನಿಗಿಲ್ಲ.

“ನೀನೂ ಮೂಸಿ ನೋಡಜ್ಜಿ. ಬಾಯಿಗೆ ಹಾಕಬೇಡ.”

ಮೂಸುವುದಕ್ಕೆ ಅಜ್ಜಿ ಒಪ್ಪಿದಳು. ಬೇಡವೆನ್ನುವುದಕ್ಕೂ ಕಾರಣ ತಿಳಿಯಬೇಕಲ್ಲ! ಲೋಟವನ್ನು ಸೆರಗಿನಿಂದ ಹಿಡಿದು ಮೂಗಿನ ಬಳಿಗೆ ತಂದಳು, ದೂರ ಸರಿಸಿದಳು, ಮತ್ತೆ ತಂದಳು. ಅವಳು ಹುಡುಕುತ್ತಿದ್ದುದು ಹಳೆಯ ಒಂದು ವಾಸನೆಯನ್ನು, ರಾತ್ರಿ ಬಾಗಿಲು ತೆರೆದಾಗ ಮುಖಕ್ಕೆ ಬಡಿಯುತ್ತಿದ್ದ ಸಾರಾಯಿಯ ಗಬ್ಬನ್ನು. ಅದು ಇಲ್ಲಿ ಸಿಕ್ಕಲಿಲ್ಲ.

“ಮೊಳಕ ಕಟ್ಟೀರಿ. ಆಮೇಲ ಹುರ್ದೀರಿ. ಹುರ್ಯಾಗ ಕೈ ಬುಟ್ಟೀರಿ, ತಳದಲ್ಲಿ ಸೀದೋಗದ.”

ಮೊಮ್ಮಗ ಬೆರಗಾದನು. ಮೂರು ವರ್ಷ ತರಗತಿಯಲ್ಲಿ ಕೂತು ಅವನು ಕಲಿತುದನ್ನು ಅಜ್ಜಿ ಮೂರು ಮಾತಿನಲ್ಲಿ ಮುಗಿಸಿದ್ದಳು. ಆದರೆ ಇದರಲ್ಲಿ ಪವಾಡವೇನೂ ಇಲ್ಲ. ಆ ಸೀಮೆಯಲ್ಲಿ ಎಳೆಗೂಸಿಗೆ ರಾಗಿ ಸರಿ ಮಾಡುವ ಕ್ರಮ ಹೀಗಿದೆ: ರಾಗಿಯನ್ನು ತೊಳೆದು ಕಲ್ಲು ಆರಿಸಿ, ರಾತ್ರಿ ನೆನೆಯಿಟ್ಟು, ಒದ್ದೆ ಬಟ್ಟೆಯಲ್ಲಿ ಬಿಗಿದು ಕಟ್ಟಿ, ಎಳೆಯ ಮೊಳಕೆ ಬಂದಮೇಲೆ ಒಣಗಿಸಿ, ಮೊಳಕೆಯನ್ನು ಉಜ್ಜಿ ಕೇರಿ, ಹದವಾಗಿ ಹುರಿದು, ಬೀಸಿ, ತೆಳ್ಳನೆಯ ಬಟ್ಟೆಯಲ್ಲಿ ಜರಡಿ ಹಿಡಿಯುವುದು. ಬ್ರೂವರಿಯವರು ಜವೆಗೆ ಮಾಡುವುದೂ ಇದನ್ನೇ. ಮೊಳಕೆಯೊಡೆಯುವಾಗ ಕಾಳಿನೊಳಗೆ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳು ಹುಟ್ಟುತ್ತವೆ. ಅಜ್ಜಿ ಆ ಹಿಟ್ಟನ್ನು ಹಾಲಿನಲ್ಲಿ ಕಾಯಿಸಿ ಮಗುವಿಗೆ ಕುಡಿಸುತ್ತಾಳೆ. ಬ್ರೂವರಿಯವರು ಅದನ್ನು ಒಡೆದು, ಸುಮಾರು 65ರಿಂದ 68 ಡಿಗ್ರಿ ಬಿಸಿಯಾದ ನೀರಿನಲ್ಲಿ ಒಂದು ಗಂಟೆ ನೆನೆಸಿ, ಸಿಹಿನೀರನ್ನು ಬಸಿದು, ಹಾಪ್ಸ್ ಹೂವಿನೊಡನೆ ಕುದಿಸಿ, ಆರಿಸಿ, ಯೀಸ್ಟಿಗೆ ಒಪ್ಪಿಸುತ್ತಾರೆ. ಸಕ್ಕರೆ ಆಲ್ಕೋಹಾಲಾಗುವುದು ಅಲ್ಲಿ. ಅಲ್ಲಿಯವರೆಗೂ ಎರಡೂ ಮನೆಗಳ ಅಡಿಗೆ ಒಂದೇ.

ಓಟ್ಸಿನ ಕೆಲಸವೇನೆಂದು ಅಜ್ಜಿ ಕೇಳಿದಳು. ಸೀಸೆಯಲ್ಲಿ ಅದು ಹತ್ತರಲ್ಲಿ ಒಂದು ಪಾಲು ಇದ್ದೀತು. ಅದರ ರುಚಿ ಹೆಚ್ಚಾಗಿ ತಿಳಿಯದು, ತಿಳಿಯುವುದು ನುಣುಪು. ಓಟ್ಸಿನಲ್ಲಿ ಬೀಟಾ ಗ್ಲೂಕನ್ ಎಂಬ ಅಂಟುಗುಣದ ನಾರಿನಂಶವಿದೆ. ಅದು ಬೀರಿಗೆ ಗಂಜಿಯ ತಿಳಿಯಂತೆ ಜಾರುವ ಮೈ ಕೊಡುತ್ತದೆ. ಅಳತೆ ಮೀರಿದರೆ ಬಸಿಯುವಾಗ ಎಲ್ಲವೂ ಅಂಟಿಕೊಂಡು ನೀರೇ ಇಳಿಯುವುದಿಲ್ಲ. ಹೊಸ ಸೊಸೆ ಕಟ್ಟಿದ ಮುದ್ದೆಯಂತೆ ಎಂದು ಮೊಮ್ಮಗ ವಿವರಿಸಿದಾಗ ಅವನ ತಾಯಿ ಒಳಗಿನಿಂದ ಕೆಮ್ಮಿದಳು.

ಅವನು ಕುಡಿದುದು ಮೂರು ಗುಟುಕು. ಬೆಳಕಿಗೆ ಹಿಡಿದಾಗ ಕಪ್ಪಿನ ಅಂಚಿನಲ್ಲಿ ದಾಳಿಂಬೆಯ ಕೆಂಪು ಕಂಡಿತು: ಮೂರಕ್ಕೆ ಮೂರು. ವಾಸನೆಯಲ್ಲಿ ಕಾಫಿ, ಸ್ವಲ್ಪ ಕಾಕಂಬಿ: ಒಂಬತ್ತು. ರುಚಿಯಲ್ಲಿ ಮೊದಲು ಮೆಲುಸಿಹಿ, ನಡುವೆ ಹುರಿಗಾಳು, ಕೊನೆಗೆ ಕಹಿ: ಹದಿನೈದು. ನುಣುಪಿಗೆ ಪೂರ್ತಿ ಐದು. ಒಟ್ಟು ಅಭಿಪ್ರಾಯಕ್ಕೆ ಏಳು. ಕೂಡಿದರೆ 39. ಆ ಪಟ್ಟಿಯಲ್ಲಿ 38ರಿಂದ 44ರವರೆಗೆ ‘ಅತ್ಯುತ್ತಮ’, 30ರಿಂದ 37ರವರೆಗೆ ‘ಬಹು ಚೆನ್ನ’.

ಅಜ್ಜಿಯ ಮಾತು ಅವನನ್ನು ಬಿಡಲಿಲ್ಲ. ಸೀದುದು ಎಲ್ಲಿ? ಲೋಟವನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಬೆಚ್ಚಗಾಗಿಸಿ ಮತ್ತೆ ಮೂಸಿದನು, ಮತ್ತೊಂದು ಗುಟುಕು ಹೀರಿದನು. ಇದ್ದಿತು. ಕಾಫಿಯೆಂದು ಅವನು ಮೆಚ್ಚಿದ್ದರ ಹಿಂದೆ ಸುಟ್ಟ ಹೊಟ್ಟಿನ ಒಗರು ಅಡಗಿ ಕುಳಿತಿತ್ತು. ತಣುಪಿನಲ್ಲಿ ಮರೆಯಾಗಿದ್ದುದು ಬಿಸುಪಿಗೆ ಹೊರಬಂದಿತು. ಹುರಿದ ಕಹಿ ಸ್ಟೌಟಿಗೆ ಭೂಷಣ. ಗಂಟಲನ್ನು ಹಿಡಿಯುವ ಸುಟ್ಟ ಒಗರು ದೋಷ. ವಾಸನೆಯಲ್ಲಿ ಒಂದು, ರುಚಿಯಲ್ಲಿ ಒಂದು ಅಂಕ ಹೊಡೆದುಹಾಕಿದನು. ಇಂಗ್ಲೆಂಡಿನ ಬೀರು ತೆರಕಣಾಂಬಿಯ ಸೀಮೆಯಲ್ಲಿ 37ಕ್ಕೆ ಇಳಿದು ಕೆಳಗಿನ ತರಗತಿಗೆ ಬಿದ್ದಿತು.

ಉಳಿದುದನ್ನು ಅವನು ಅಜ್ಜಿಯ ಕಣ್ಣೆದುರಿಗೇ ತೆಂಗಿನ ಬುಡಕ್ಕೆ ಸುರಿದನು. ದುಬಾರಿ ವಸ್ತುವನ್ನು ಹಾಗೆ ಚೆಲ್ಲುವುದು ಸುಲಭವಲ್ಲ. ಅಜ್ಜಿ ಅದನ್ನು ಗಮನಿಸಿದಳು. ಗಂಡ ಲೋಟದಲ್ಲಿ ಉಳಿಸಿದುದನ್ನು ಅವಳು ಒಂದು ದಿನವೂ ಕಂಡವಳಲ್ಲ.

ರಾತ್ರಿ ಊಟದ ಹೊತ್ತಿಗೆ ಪ್ರಶ್ನೆಗಳು ಬಂದವು. ಸಂಬಳವೆಷ್ಟು ಎಂಬುದಲ್ಲ. ಅಲ್ಲಿ ಕೆಲಸ ಮಾಡುವವರು ದಿನಾ ಕುಡಿಯುತ್ತಾರೆಯೆ? ಮೂಸಿ ಉಗುಳುವವರೂ ಇದ್ದಾರೆಯೆ? ಕುಡಿದು ಹೋದವರು ಮನೆಗೆ ಹೇಗೆ ಹೋಗುತ್ತಾರೆ, ಯಾರು ಕಾಯುತ್ತಿರುತ್ತಾರೆ? ಮೊದಲೆರಡಕ್ಕೆ ಮೊಮ್ಮಗ ಉತ್ತರ ಹೇಳಿದನು. ಮೂರನೆಯದಕ್ಕೆ ಹೇಳಲಾಗಲಿಲ್ಲ, ತಟ್ಟೆಯ ಮುದ್ದೆಯನ್ನು ಮುರಿಯುತ್ತ ಕುಳಿತನು. ಬೆಂಗಳೂರಿನ ಕೆಲವು ಕಿರು ಬ್ರೂವರಿಗಳು ರಾಗಿಯಿಂದಲೂ ಬೀರು ಮಾಡಿ ನೋಡಿವೆಯೆಂದು ಕೊನೆಗೆ ಹೇಳಿದನು. ಅಜ್ಜಿ ಹೂಂಗುಟ್ಟಲೂ ಇಲ್ಲ.

ಸೋಮವಾರ ಬೆಳಿಗ್ಗೆ ಬಸ್ಸಿಗೆ ಹೊರಟವನ ಚೀಲದಲ್ಲಿ ಅಜ್ಜಿ ಎರಡು ಗಂಟು ಇಟ್ಟಳು. ಒಂದು, ಬೆಂಗಳೂರಿನಲ್ಲಿದ್ದ ಅವನ ಅಕ್ಕನ ಕೂಸಿಗೆ ಸರಿಹಿಟ್ಟು. ಇನ್ನೊಂದರಲ್ಲಿ ಮೊಳಕೆ ಕಟ್ಟಿ ಒಣಗಿಸಿದ ಇಡಿಯ ರಾಗಿ, ಎರಡು ಸೇರು, ಇನ್ನೂ ಹುರಿದಿರಲಿಲ್ಲ. ಅದು ಯಾರಿಗೆಂದು ಅವನು ಕೇಳಿದನು.

“ನಿಮ್ಮ ದಣಿಗ ಕೊಡು. ಆ ಸೀಸದ ಥರ ಸುಡಬ್ಯಾಡಿ ಅಂತ ಹೇಳು.” ಬಸ್ಸಿನ ಸದ್ದು ಕೇಳಿಸುತ್ತಿತ್ತು. “ಆ ಲೋಟವ ತಕ್ಕೊಂಡೋಗು. ಈ ಮನಲಿ ಬ್ಯಾಡ.”