ಲಾಕ್ ಬೇಕು, ಬಿಡಿಸಲೂ ಬರಬೇಕು

ಜಿಪ್ಸಿ, ಜಿಮ್ನಿಯಂಥ ಸಣ್ಣ ಗಾಡಿಯ ಹಿಂದಿನ ಆಕ್ಸಲ್ಲಿಗೆ, ಎಡಬಲ ಗಾಲಿಗಳನ್ನು ಕೂಡಿಯೇ ತಿರುಗಿಸುವ ಲಾಕರ್ ಹಾಕಿಸುವುದಾದರೆ, ಓಡಿಸುವವನು ಬೇಕೆಂದಾಗ ಹಾಕಿ ಬೇಡವೆಂದಾಗ ಬಿಡಿಸುವಂಥದ್ದನ್ನೇ ಹಾಕಿಸಬೇಕು ಎಂಬುದು ನನ್ನ ವಾದ. ಬಾಗಲಕೋಟೆಯಿಂದ ಇಳಕಲ್‌ವರೆಗೆ ಇದಕ್ಕೆ ಎದುರಾಡುವವರು ಕಡಿಮೆಯಿಲ್ಲ.

“ನಾಕೂ ಗಾಲಿ ತಿರಗತಾವಲ್ರೀ, ಮತ್ಯಾಕ ಬೇಕು ಲಾಕು?” ಎನ್ನುವವರು ಮೊದಲಿಗರು. ಫೋರ್ ವೀಲ್ ಹಾಕಿದಾಗ ಜೊತೆಗೂಡುವುದು ಮುಂದಿನ ಮತ್ತು ಹಿಂದಿನ ಶಾಫ್ಟ್‌ಗಳು ಮಾತ್ರ. ಒಂದೇ ಆಕ್ಸಲ್ಲಿನ ಎಡಬಲ ಗಾಲಿಗಳ ನಡುವಿನ ಡಿಫರೆನ್ಶಿಯಲ್ ಬಿಡುವಾಗಿಯೇ ಇರುತ್ತದೆ. ಜಾರುವ ಗಾಲಿ ಎಷ್ಟು ಬಲ ತಡೆದುಕೊಳ್ಳುತ್ತದೋ, ಹಿಡಿತವಿರುವ ಗಾಲಿಗೂ ಅಷ್ಟೇ ಸಿಗುತ್ತದೆ. ಬಾದಾಮಿ ಕಡೆಯ ಹಳ್ಳದಲ್ಲಿ ಮರಳುಗಲ್ಲಿನ ಮೆಟ್ಟಿಲನ್ನು ಓರೆಯಾಗಿ ಏರಿಸಿ ನೋಡಿ: ಮುಂದಿನದೊಂದು, ಹಿಂದಿನದೊಂದು ಗಾಲಿ ಎದ್ದು ಗರಗರ ತಿರುಗುತ್ತವೆ, ನೆಲ ಹಿಡಿದ ಎರಡೂ ಸುಮ್ಮನೆ ನಿಂತಿರುತ್ತವೆ.

ಹೊಸ ಗಾಡಿಯವರ ಮಾತು ಬೇರೆ. 2023ರಲ್ಲಿ ಇಲ್ಲಿಗೆ ಬಂದ ಜಿಮ್ನಿಯಲ್ಲಿ ಜಾರುವ ಗಾಲಿಗೆ ಕಂಪ್ಯೂಟರೇ ಬ್ರೇಕ್ ಹಿಡಿದು ಬಲವನ್ನು ಆಚೆ ಗಾಲಿಗೆ ದಾಟಿಸುತ್ತದೆ, ಲಾಕರಿನ ಕಾಲ ಮುಗಿಯಿತು ಎನ್ನುತ್ತಾರೆ. ಆ ವ್ಯವಸ್ಥೆಯನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಹುನಗುಂದದ ಎರೆ ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸಿದವರನ್ನು ಕೇಳಿ. ಟ್ರ್ಯಾಕ್ಟರಿಗೆ ಎಡಕ್ಕೊಂದು, ಬಲಕ್ಕೊಂದು ಬ್ರೇಕ್ ಪೆಡಲ್. ಜಾರುವ ಕಡೆಯದನ್ನು ಮೆಟ್ಟಿದರೆ ಇನ್ನೊಂದು ಗಾಲಿ ಎಳೆಯುತ್ತದೆ. ಜಿಮ್ನಿಯ ಕಂಪ್ಯೂಟರ್ ಮಾಡುವುದೂ ಅಷ್ಟೇ. ಹಾಗಿದ್ದೂ ಅದೇ ಟ್ರ್ಯಾಕ್ಟರಿನಲ್ಲಿ ಹಿಮ್ಮಡಿಯ ಹತ್ತಿರ ಡಿಫರೆನ್ಶಿಯಲ್ ಲಾಕಿನ ಪೆಡಲ್ ಯಾಕಿದೆ? ಬ್ರೇಕ್ ಹಿಡಿದಷ್ಟೂ ಎಂಜಿನ್ನಿನ ಬಲ ಶಾಖವಾಗಿ ಹೋಗುತ್ತದೆ, ಅದೂ ಗಾಲಿ ಜಾರಿದ ಮೇಲೆ. 134 ನ್ಯೂಟನ್ ಮೀಟರ್ ಟಾರ್ಕಿನ ಎಂಜಿನ್ನಿಗೆ ಆ ನಷ್ಟ ಸಣ್ಣದಲ್ಲ. ಜಿಪ್ಸಿಯಲ್ಲಂತೂ ಆ ಕಂಪ್ಯೂಟರೇ ಇಲ್ಲ.

“ಹಂಗಾದ್ರ ಡಿಫರೆನ್ಶಿಯಲ್ಲಿಗೆ ವೆಲ್ಡ್ ಹೊಡಿಸಿಬಿಡ್ರಿ, ಕಡಿಮಿ ರೊಕ್ಕದಾಗ ಮುಗೀತು.” ಇದಕ್ಕೂ ಟ್ರ್ಯಾಕ್ಟರೇ ಉತ್ತರ: ತಿರುವಿಗೆ ಮುಂಚೆ ಕಾಲು ತೆಗೆದು ಲಾಕ್ ಬಿಡಿಸುವುದನ್ನು ಪ್ರತಿ ಡ್ರೈವರನೂ ಬಲ್ಲ. ವೆಲ್ಡ್ ಹೊಡೆದದ್ದು ಎಂದೂ ಬಿಡದು. ಹೆದ್ದಾರಿ 50ರ ಡಾಂಬರಿನ ಮೇಲೆ ಪ್ರತಿ ತಿರುವಿನಲ್ಲೂ ಟೈರ್ ಉಜ್ಜುತ್ತದೆ, ಆಕ್ಸಲ್ ತಿರುಚುತ್ತದೆ.

ಎದುರಾಳಿಗಳ ಗಟ್ಟಿ ವಾದ ಸ್ವಯಂಚಾಲಿತ ಲಾಕರಿನದು. ಬೆಲೆ ಕಡಿಮೆ, ಗಾಳಿ ಪೈಪಿಲ್ಲ, ವೈರಿಲ್ಲ, ಈಗಿರುವ ಕ್ಯಾರಿಯರ್ ಒಳಗಿನ ಸಣ್ಣ ಗಿಯರುಗಳನ್ನು ತೆಗೆದು ಕೂರಿಸಿದರಾಯಿತು, ಕ್ರೌನ್-ಪಿನಿಯನ್ ಮುಟ್ಟಬೇಕಿಲ್ಲ. ಎಲ್ಲ ನಿಜ. ಆದರೆ ಅದು ಸದಾ ಲಾಕಾಗಿಯೇ ಇದ್ದು, ತಿರುವಿನಲ್ಲಿ ಹೊರಗಿನ ಗಾಲಿ ಮುಂದೋಡಿದಾಗ ಮಾತ್ರ ಬಿಡುತ್ತದೆ. ಆಕ್ಸಿಲರೇಟರ್ ಒತ್ತಿದ್ದರೆ ಬಿಡಲು ತಕರಾರು, ಬಿಟ್ಟಾಗ ಟಕ್ ಎಂಬ ಏಟು. ಉದ್ದನೆಯ ಭಾರದ ಗಾಡಿಯಲ್ಲಿ ಇದು ಅಷ್ಟಾಗಿ ತಿಳಿಯದು. ಒಂದು ಟನ್ ಆಸುಪಾಸು ತೂಗುವ, ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ 2,375 ಮಿಲಿಮೀಟರಿನ ಜಿಪ್ಸಿಯಲ್ಲಿ ಹಿಂಭಾಗವೇ ಕದಲುತ್ತದೆ. ಮಳೆ ಬಿದ್ದ ಎರೆ ದಾರಿಯನ್ನು ನೆನೆಸಿಕೊಳ್ಳಿ: ನಡು ಉಬ್ಬು, ಅಂಚು ಇಳಿಜಾರು. ಬಿಡುವಾದ ಡಿಫರೆನ್ಶಿಯಲ್ಲಿನಲ್ಲಿ ಒಂದು ಗಾಲಿ ಜಾರಿದರೂ ಇನ್ನೊಂದು ಅಡ್ಡ ಸರಿಯದಂತೆ ಹಿಡಿದಿರುತ್ತದೆ. ಲಾಕಾಗಿದ್ದರೆ ಎರಡೂ ಕೂಡಿ ಜಾರಿ ಗಾಡಿಯ ಹಿಂಭಾಗ ಗಟಾರಕ್ಕಿಳಿಯುತ್ತದೆ. ಅಂಥಲ್ಲಿ ನನಗೆ ಬೇಕಾದ್ದು ಬಿಡಿಸುವ ಸ್ವಿಚ್. ಥಾರಿನ ಮೆಕ್ಯಾನಿಕಲ್ ಲಾಕ್ ಬೇರೆ ಜಾತಿಯದು, ನಿಜ. ಅದು ಮಾಮೂಲಿಗೆ ಬಿಡುವಾಗಿದ್ದು, ಎಡಬಲ ಗಾಲಿಗಳ ಸುತ್ತು ನಿಮಿಷಕ್ಕೆ ಸುಮಾರು 100ರಷ್ಟು ಬೇರೆಯಾದಾಗ ಹಿಡಿಯುತ್ತದೆ, ವೇಗ ಗಂಟೆಗೆ 30 ಕಿಲೋಮೀಟರ್ ಚಿಲ್ಲರೆ ದಾಟಿದರೆ ಹಿಡಿಯುವುದಿಲ್ಲ. ಆದರೂ ನಿರ್ಧಾರ ಅದರದೇ. ಗೂರ್ಖಾದವರು ಮುಂದಿನ ಲಾಕನ್ನೂ ಹಿಂದಿನದನ್ನೂ ಓಡಿಸುವವನ ಕೈಗೇ ಕೊಟ್ಟಿದ್ದಾರೆ.

“ನೀವು ಹೇಳೋದನ್ನ ಇಲ್ಲಿ ಕೂರ್ಸೋರು ಯಾರದಾರ?” ಇದು ನನ್ನನ್ನು ನಿಜಕ್ಕೂ ತಡೆದು ನಿಲ್ಲಿಸಿದ ಪ್ರಶ್ನೆ. ಸ್ವಿಚ್ ಲಾಕರಿಗೆ ಕ್ಯಾರಿಯರನ್ನೇ ಬದಲಿಸಿ, ಕ್ರೌನ್ ಅನ್ನು ಹೊಸದಕ್ಕೆ ಬಿಗಿದು, ಹಲ್ಲುಗಳ ನಡುವಿನ ಸಂದನ್ನು ಡಯಲ್ ಗೇಜಿನಿಂದ ಅಳೆದು ಶಿಮ್ ಕೊಡಬೇಕು. ಇಳಕಲ್ಲಿನ ಗ್ರಾನೈಟ್ ಸಾಗಿಸುವ ಗಾಡಿಗಳ ಕ್ರೌನ್-ಪಿನಿಯನ್ ಕೂರಿಸುವ ಮೇಸ್ತ್ರಿಗೆ ಇದು ಹೊಸ ವಿದ್ಯೆಯಲ್ಲ. ಗೇಜ್ ಇಲ್ಲದೆ ಕೈ ಅಂದಾಜಿನಲ್ಲಿ ಕೂರಿಸುತ್ತೇನೆ ಎಂದರೆ ಮಾತ್ರ ಗಾಡಿಯನ್ನು ಹುಬ್ಬಳ್ಳಿಗೆ ತಿರುಗಿಸಿ. ಲಾಕರ್ ತರಿಸುವ ಮುಂಚೆ ಆಕ್ಸಲ್ ತುದಿಯ ಹಲ್ಲುಗಳನ್ನು, ಅಂದರೆ ಸ್ಪ್ಲೈನ್, ಎಣಿಸಿರಿ; ಲಾಕರ್ ಅವಕ್ಕೆ ಹೊಂದಬೇಕು. ಗಾಳಿಯದೋ ವಿದ್ಯುತ್ತಿನದೋ ಎಂದರೆ ನಾನು ಗಾಳಿಯದನ್ನೇ ಆರಿಸುತ್ತೇನೆ, ಅದರ ಕಂಪ್ರೆಸರ್ ಟೈರಿಗೂ ಆಗುತ್ತದೆ. ಪೈಪನ್ನು ಮಾತ್ರ ಜಾಲಿಮುಳ್ಳಿಗೆ ಸಿಗದಂತೆ ಆಕ್ಸಲ್ಲಿನ ಮೇಲ್ಗಡೆಯಿಂದ ಒಯ್ಯಿರಿ.

ಲಾಕ್ ಹಾಕಿದರೆ ಆಕ್ಸಲ್ ಮುರಿಯುತ್ತದೆ ಎಂಬುದು ಅರ್ಧ ಸತ್ಯ. ಒಂದು ಗಾಲಿ ಎದ್ದಾಗ ಹಿಂದಿನ ಬಲವೆಲ್ಲ ಇನ್ನೊಂದೇ ಶಾಫ್ಟಿನ ಮೇಲೆ ಬೀಳುವುದು ಹೌದು. ಆದರೆ ಲಾಕ್ ಇಲ್ಲದವನು ರಭಸದಿಂದ ನುಗ್ಗಿಸುತ್ತಾನೆ; ಭರ್ರನೆ ತಿರುಗುವ ಗಾಲಿ ದಿಢೀರನೆ ಕಲ್ಲು ಕಚ್ಚಿದಾಗ ಬೀಳುವ ಏಟು ಅದಕ್ಕಿಂತ ಕೆಟ್ಟದ್ದು. ಕಂಪನಿ ಅಳತೆಗಿಂತ ತೀರ ದೊಡ್ಡ ಟೈರ್ ಹಾಕಿಸಿದವರ ಆಕ್ಸಲ್ಲಿಗೆ ನಾನು ಜಾಮೀನಲ್ಲ.

ಮುಂದಿನ ಆಕ್ಸಲ್ಲಿಗೇ ಮೊದಲು ಹಾಕಿಸಿ ಎನ್ನುವವರಿಗೆ ಒಂದೇ ಮಾತು: ಏರಿನಲ್ಲಿ ಭಾರ ಹಿಂದಕ್ಕೆ ಬೀಳುತ್ತದೆ, ಮುಂದೆ ಲಾಕಾದರೆ ಸ್ಟೇರಿಂಗ್ ಬಿಗಿಯುತ್ತದೆ.

ಇನ್ನು ಎರೆಯಲ್ಲಿ ಯಾವ ಲಾಕೂ ನಡೆಯದು ಎಂಬ ಹುನಗುಂದದವರ ಮಾತು. ಒಂದು ಗಾಲಿ ಅಂಚಿನ ಗರಸಿನ ಮೇಲಿದ್ದು ಇನ್ನೊಂದು ರಾಡಿಯಲ್ಲಿದ್ದರೆ ಖಂಡಿತ ನಡೆಯುತ್ತದೆ. ಎರಡೂ ಹೂತು ಆಕ್ಸಲ್ ಹೊಟ್ಟೆ ನೆಲಕ್ಕೆ ಕೂತಿದ್ದರೆ ಅವರ ಮಾತೇ ಸರಿ: ಒಂದು ಗುಂಡಿಯ ಬದಲು ಎರಡು ತೋಡುತ್ತದೆ. ಆಗ ಸ್ವಿಚ್ ಮುಟ್ಟದೆ ಗುದ್ದಲಿ ತೆಗೆಯಿರಿ.