ಒಂದೇ ಯಂತ್ರ ಇರುವ ಮನೆಗೆ ಟ್ಯಾಬ್ ಬೇಡ

ಮೇ-ಜೂನ್ ಬಂತೆಂದರೆ, ದಿನಪೂರ್ತಿ ಕಂಪ್ಯೂಟರ್ ಮುಂದೆ ಕೂತು ಹೊಟ್ಟೆ ಹೊರೆಯುವ ನನ್ನಂಥವರಿಗೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಪಿಯುಸಿ ಮುಗಿಸಿದ ಮಗಳು ಡಿಗ್ರಿಗೆ ಸೇರುತ್ತಿದ್ದಾಳೆ, ಹದಿನೈದು-ಇಪ್ಪತ್ತು ಸಾವಿರ ಹೊಂದಿಸಿದ್ದೇವೆ, ಟ್ಯಾಬ್ ಸಾಕಾ, ಲ್ಯಾಪ್‌ಟಾಪೇ ಬೇಕಾ? ಕೇಳುವವರು ಊರಿನ ನೆಂಟರಿರಬಹುದು, ಇಲ್ಲಿ ಚೆನ್ನೈನ ಕನ್ನಡದ ಮನೆಗಳವರಿರಬಹುದು. ಕೇಳುವ ದನಿಯಲ್ಲೇ ಅವರಿಗೆ ಯಾವ ಉತ್ತರ ಬೇಕಾಗಿದೆ ಎನ್ನುವುದೂ ಗೊತ್ತಾಗುತ್ತದೆ: ಟ್ಯಾಬ್ ಸಾಕು ಅಂದುಬಿಡಿ, ದುಡ್ಡು ಉಳಿಯುತ್ತದೆ.

ನಾನು ಹಾಗೆ ಹೇಳುವುದಿಲ್ಲ. ಮನೆಯಲ್ಲಿ ಈಗಾಗಲೇ ಒಂದು ಲ್ಯಾಪ್‌ಟಾಪ್ ಇದ್ದರೆ ಟ್ಯಾಬ್ ಕೊಳ್ಳಿ, ಒಳ್ಳೆಯ ವಸ್ತು. ಮನೆಗೆ ಬರುವ ಯಂತ್ರ ಅದೊಂದೇ ಆಗುವುದಾದರೆ ಬೇಡ. ಅದೇ ದುಡ್ಡಿಗೆ ಸಿಗುವ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಹೊಸ ಟ್ಯಾಬ್‌ಗಿಂತ ಮೇಲು.

ಇದು ಒಬ್ಬೊಬ್ಬರ ಜೇಬಿನ ಲೆಕ್ಕ ಮಾತ್ರ ಆಗಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ಇದೇ ಪ್ರಶ್ನೆ ಸರ್ಕಾರಗಳ ಮುಂದೆಯೂ ಬಂದಿದೆ. ಅಕ್ಕಪಕ್ಕದ ಎರಡು ರಾಜ್ಯಗಳು, ಕರ್ನಾಟಕ ಮತ್ತು ತಮಿಳುನಾಡು, ಅದಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿವೆ. ನನ್ನ ರಾಜ್ಯ ತಪ್ಪು ಉತ್ತರ ಕೊಟ್ಟಿತು, ನಾನು ಬಾಡಿಗೆ ಕಟ್ಟಿಕೊಂಡಿರುವ ರಾಜ್ಯ ಸರಿ ಉತ್ತರ ಕೊಟ್ಟಿತು ಎನ್ನುವುದು ನನ್ನ ವಾದ.

ಮೊದಲು ತಮಿಳುನಾಡಿನ ಕಥೆ. 2011ರ ಸೆಪ್ಟೆಂಬರ್ 15ರಂದು, ಅಣ್ಣಾದುರೈ ಜನ್ಮದಿನದ ನೆಪದಲ್ಲಿ, ಜಯಲಲಿತಾ ಸರ್ಕಾರ ಸರ್ಕಾರಿ ಮತ್ತು ಅನುದಾನಿತ ಶಾಲೆ-ಕಾಲೇಜುಗಳ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಹಂಚಲು ಶುರುಮಾಡಿತು. ಮಿಕ್ಸಿ, ಗ್ರೈಂಡರ್, ಫ್ಯಾನ್ ಜೊತೆಗೇ ಇದೂ ಬಂದದ್ದರಿಂದ ಹೊರಗಿನವರು ಇದನ್ನೂ ಆ ಪಟ್ಟಿಗೇ ಸೇರಿಸಿ ನಕ್ಕರು. ಆದರೆ ಯೋಜನೆ ನಿಲ್ಲುವ ಹೊತ್ತಿಗೆ 50 ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್‌ಗಳು ಮನೆಗಳಿಗೆ ಹೋಗಿದ್ದವು. ಮೊದಮೊದಲು ಕೊಟ್ಟವುಗಳಲ್ಲಿ ವಿಂಡೋಸ್ ಜೊತೆಗೆ ಸಿ-ಡ್ಯಾಕ್‌ನ ಚೆನ್ನೈ ಕೇಂದ್ರ ರೂಪಿಸಿದ ಬಾಸ್ ಲಿನಕ್ಸ್ ಕೂಡ ಇತ್ತು.

ಕೋವಿಡ್ ಹೊತ್ತಿಗೆ ನಿಂತುಹೋಗಿದ್ದ ಈ ಯೋಜನೆಯನ್ನು ಸ್ಟಾಲಿನ್ ಸರ್ಕಾರ 2025ರ ಮಾರ್ಚ್ ಬಜೆಟ್‌ನಲ್ಲಿ ಬೇರೆ ರೂಪದಲ್ಲಿ ತಂದಿತು. ಎರಡು ವರ್ಷಗಳಲ್ಲಿ 20 ಲಕ್ಷ ಕಾಲೇಜು ವಿದ್ಯಾರ್ಥಿಗಳಿಗೆ ಅವರವರ ಇಷ್ಟದಂತೆ ಟ್ಯಾಬ್ ಅಥವಾ ಲ್ಯಾಪ್‌ಟಾಪ್, ಮೊದಲ ಹಂತಕ್ಕೆ 2,000 ಕೋಟಿ ರೂಪಾಯಿ. 'ಟ್ಯಾಬ್ ಅಥವಾ' ಎಂಬ ಆ ಎರಡು ಪದ ಓದಿದಾಗ ನನಗೆ ಆತಂಕವಾಯಿತು. ಟೆಂಡರ್ ಕರೆಯುವ ಹೊತ್ತಿಗೆ ಅವು ಉದುರಿಹೋಗಿದ್ದವು. ಕರೆದದ್ದು ಲ್ಯಾಪ್‌ಟಾಪ್‌ಗೆ, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. 2026ರ ಜನವರಿಯಲ್ಲಿ ಹಂಚಿಕೆ ಶುರುವಾದಾಗ ವಿದ್ಯಾರ್ಥಿಗಳ ಕೈಗೆ ಬಂದದ್ದು ಲ್ಯಾಪ್‌ಟಾಪೇ.

ಈಗ ಕರ್ನಾಟಕ. ನಮ್ಮಲ್ಲೂ ಸರ್ಕಾರಿ ಕಾಲೇಜಿನ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡುವ ಯೋಜನೆ ಇತ್ತು. 2021ರ ಜೂನ್‌ನಲ್ಲಿ, ಕೋವಿಡ್‌ನ ಎರಡನೇ ಅಲೆ ಇನ್ನೂ ಪೂರ್ತಿ ಇಳಿಯದ ದಿನಗಳಲ್ಲಿ, ಯಡಿಯೂರಪ್ಪ ಸರ್ಕಾರ ಸರ್ಕಾರಿ ಪ್ರಥಮ ದರ್ಜೆ ಕಾಲೇಜು, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚಿತು. ವೆಚ್ಚ 163 ಕೋಟಿ. ತಲಾ ಹತ್ತೂವರೆ ಸಾವಿರದ ಆಸುಪಾಸು. ಆನ್‌ಲೈನ್ ಪಾಠ ಕೇಳಲಿಕ್ಕೆ ಕೈಯಲ್ಲಿ ಏನಾದರೂ ಬೇಕಿತ್ತು, ಒಂದು ಲ್ಯಾಪ್‌ಟಾಪ್‌ನ ದುಡ್ಡಿಗೆ ಎರಡು-ಮೂರು ಟ್ಯಾಬ್ ಬರುತ್ತವೆ ಎಂಬ ಲೆಕ್ಕ ಆ ತಿಂಗಳಲ್ಲಿ ಅರ್ಥವಾಗುವಂಥದ್ದೇ. ಆದರೆ ಕೋವಿಡ್ ಮುಗಿದ ಮೇಲೂ ಆ ವಿದ್ಯಾರ್ಥಿಯ ಮನೆಯಲ್ಲಿರುವುದು ಆ ಟ್ಯಾಬ್ ಮಾತ್ರ. ಅದರಲ್ಲಿ ಅವನು ಏನು ಮಾಡಬೇಕು?

ಬಿ.ಕಾಂ. ವಿದ್ಯಾರ್ಥಿಯನ್ನೇ ತೆಗೆದುಕೊಳ್ಳಿ. ಡಿಗ್ರಿ ಮುಗಿಸಿ ಊರಿನ ಆಡಿಟರ್ ಆಫೀಸಿಗೋ ಗೊಬ್ಬರದ ಅಂಗಡಿಗೋ ಕೆಲಸ ಕೇಳಿಕೊಂಡು ಹೋದರೆ ಮೊದಲ ಪ್ರಶ್ನೆ: ಟ್ಯಾಲಿ ಬರುತ್ತಾ? ಟ್ಯಾಲಿ ಬೆಂಗಳೂರಿನದೇ ಕಂಪನಿಯ ತಂತ್ರಾಂಶ, ದೇಶದ ಅರ್ಧ ಅಂಗಡಿಗಳ ಲೆಕ್ಕ ಅದರಲ್ಲೇ ಇದೆ ಎಂದರೂ ನಂಬಬಹುದು. ಅದು ನಡೆಯುವುದು ವಿಂಡೋಸ್‌ನಲ್ಲಿ. ಸರ್ಕಾರ ಕೊಟ್ಟ ಟ್ಯಾಬ್‌ನಲ್ಲಿ ಟ್ಯಾಲಿ ಕಲಿಸುವ ವಿಡಿಯೋ ನೋಡಬಹುದು, ಒಂದು ವೋಚರ್ ಕೂಡ ಹಾಕಲಾಗುವುದಿಲ್ಲ. ಪಾಲಿಟೆಕ್ನಿಕ್‌ನ ಹುಡುಗನಿಗೆ ಆಟೋಕ್ಯಾಡ್‌ನದೂ ಇದೇ ಪಾಡು. ಭಾಷಾವಿಜ್ಞಾನ ಓದುವವರು ಧ್ವನಿ ವಿಶ್ಲೇಷಣೆಗೆ ಬಳಸುವ 'ಪ್ರಾಟ್' ಪುಕ್ಕಟೆ ತಂತ್ರಾಂಶ, ಎಂಥ ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಟ್ಯಾಬ್‌ನಲ್ಲಿ ಇಲ್ಲ. ನನ್ನ ಅನುವಾದದ ಕೆಲಸದ್ದೂ ಹೀಗೆಯೇ. ಹಿಂದೆ ಅನುವಾದಿಸಿದ ವಾಕ್ಯಗಳನ್ನು ನೆನಪಿಟ್ಟುಕೊಂಡು ಮತ್ತೆ ಎದುರಿಗಿಡುವ ಒಮೆಗಾಟಿ, ಟ್ರಾಡೋಸ್‌ನಂಥ ತಂತ್ರಾಂಶಗಳಿಲ್ಲದೆ ಏಜೆನ್ಸಿಗಳ ಕೆಲಸ ಹಿಡಿಯುವುದು ಕಷ್ಟ. ಅವೂ ಕಂಪ್ಯೂಟರ್ ಕೇಳುತ್ತವೆ.

ಇನ್ನು ಕನ್ನಡದಲ್ಲಿ ಬರೆಯುವ ಮಾತು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ ಒಂದು ಕೀಲಿ ಕ ಆದರೆ ಶಿಫ್ಟ್ ಹಿಡಿದರೆ ಖ. ಒತ್ತಕ್ಷರ ಬೇಕಾದಲ್ಲಿ ನಡುವೆ ಎಫ್ ಒತ್ತಬೇಕು. 'ಸಾಮರ್ಥ್ಯ' ಎಂದು ಬರೆಯಲು ಎಂಟು ಕೀಲಿ. ಒಂದೆರಡು ತಿಂಗಳು ಅಭ್ಯಾಸ ಮಾಡಿದರೆ ಬೆರಳು ತಾನಾಗಿ ಓಡುತ್ತದೆ, ಕಣ್ಣು ಪೂರ್ತಿ ವಾಕ್ಯದ ಮೇಲಿರುತ್ತದೆ. ಟ್ಯಾಬ್‌ನ ಪರದೆಯ ಮೇಲೆ ಮೂಡುವ ಕೀಲಿಮಣೆ ಅರ್ಧ ಪರದೆಯನ್ನು ನುಂಗುತ್ತದೆ, ಬರೆದದ್ದರಲ್ಲಿ ನಾಲ್ಕೈದು ಸಾಲು ಮಾತ್ರ ಕಾಣುತ್ತದೆ. ಅದರಲ್ಲಿ ಬಹಳ ಜನ ಬರೆಯುವುದು ಇಂಗ್ಲಿಷ್ ಅಕ್ಷರ ಒತ್ತಿ, ಮೇಲೆ ಬರುವ ಸಲಹೆಗಳಲ್ಲಿ ಒಂದನ್ನು ಆರಿಸಿ. ಸಲಹೆಯಲ್ಲಿ ಬರುವುದು ಹೆಚ್ಚು ಜನ ಬಳಸುವ ಪದ. 'ಹೋಗುತ್ತೇನೆ' ಥಟ್ಟನೆ ಬರುತ್ತದೆ, ಧಾರವಾಡದ 'ಹೊಕ್ಕೀನಿ' ಬರೆಯಬೇಕಾದರೆ ಯಂತ್ರದ ಜೊತೆ ಗುದ್ದಾಡಬೇಕು. ಎರಡು ಸಾಲಿನ ಸಂದೇಶಕ್ಕೆ ಇದು ತೊಂದರೆಯಲ್ಲ. ಇಪ್ಪತ್ತು ಪುಟದ ಪ್ರಾಜೆಕ್ಟ್ ವರದಿಗೆ, ಒಂದು ಕಥೆಗೆ ತೊಂದರೆಯೇ. ಅಂಥ ಉದ್ದದ ಬರಹವನ್ನು ಟ್ಯಾಬ್‌ನಲ್ಲಿ ಬರೆದೇ ತೀರುತ್ತೇನೆ ಎನ್ನುವವರು ಸಾಹಸಿಗಳು, ಆದರೆ ಎಲ್ಲ ವಿದ್ಯಾರ್ಥಿಗಳೂ ಸಾಹಸಿಗಳಾಗಿರಬೇಕೆಂದು ಬಯಸುವುದು ಅನ್ಯಾಯ.

ಬರೆದು ಮುಗಿಸಿದರೂ ಆಗಲಿಲ್ಲ. ಕನ್ನಡದ ಅನೇಕ ಪ್ರಕಾಶಕರು, ಡಿಟಿಪಿ ಅಂಗಡಿಗಳು ಇಂದಿಗೂ ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ನಲ್ಲೇ ಪುಟ ಕಟ್ಟುತ್ತಾರೆ. ಫೈಲು ಕಳಿಸಿದರೆ 'ನುಡಿಗೆ ಬದಲಾಯಿಸಿ ಕಳಿಸಿ' ಎನ್ನುತ್ತಾರೆ. ಬದಲಾಯಿಸಿದಾಗ ಅರ್ಕಾವೊತ್ತು ಎಲ್ಲೋ ಹಾರಿರುತ್ತದೆ, ಅದನ್ನು ಹುಡುಕಿ ತಿದ್ದಬೇಕು. ಇದು ಸರಿಯಾದ ವ್ಯವಸ್ಥೆ ಅಂತಲ್ಲ. ಆದರೆ ಕನ್ನಡದಲ್ಲಿ ಅಕ್ಷರದಿಂದ ಸಂಪಾದಿಸಬೇಕೆನ್ನುವ ಹುಡುಗಿ ಕಾಲಿಡುವ ಲೋಕ ಇದೇ. ಆ ಲೋಕದ ಬಾಗಿಲಿಗೆ ಟ್ಯಾಬ್ ಎಂಬ ಬೀಗದ ಕೈ ಹೊಂದುವುದಿಲ್ಲ.

ಟ್ಯಾಬ್ ಸಾಕು ಎನ್ನುವವರನ್ನು ಸ್ವಲ್ಪ ಗಮನಿಸಿ. ಅವರಲ್ಲಿ ಹೆಚ್ಚಿನವರ ಮೇಜಿನ ಮೇಲೆ ಆಫೀಸಿನ ಲ್ಯಾಪ್‌ಟಾಪ್ ಇರುತ್ತದೆ. ಸೋಫಾದ ಮೇಲೆ ಕೂತು ಪೇಪರ್ ಓದಲು, ರೈಲಿನಲ್ಲಿ ಸಿನಿಮಾ ನೋಡಲು ಟ್ಯಾಬ್ ಸಾಕಾಗಿದೆ. ಕೆಲಸಕ್ಕೆ ಸಾಕಾಗಿಲ್ಲ, ಅದಕ್ಕೆ ಅವರು ಬೇರೆ ಯಂತ್ರ ಇಟ್ಟುಕೊಂಡಿದ್ದಾರೆ. 2010ರ ಜನವರಿಯಲ್ಲಿ ಐಪ್ಯಾಡ್ ತೋರಿಸುವಾಗ ಸ್ಟೀವ್ ಜಾಬ್ಸ್ ಕೂಡ ಅದನ್ನು ಫೋನು ಮತ್ತು ಲ್ಯಾಪ್‌ಟಾಪ್ ನಡುವಿನ ಮೂರನೆಯ ಬಗೆಯ ಸಾಧನವೆಂದೇ ಪರಿಚಯಿಸಿದ. ಎರಡೂ ಇರುವವನಿಗೆ ಮೂರನೆಯದು ಎಂದು ಹುಟ್ಟಿದ ವಸ್ತುವನ್ನು ಒಂದೂ ಇಲ್ಲದವನಿಗೆ ಮೊದಲನೆಯದಾಗಿ ಕೊಟ್ಟು 'ಡಿಜಿಟಲ್ ಕಲಿಕೆ' ಎನ್ನುತ್ತಿದ್ದೇವೆ.

ಇನ್ನೂ ಹಿಂದೆ ಹೋದರೆ, 1972ರಲ್ಲಿ ಅಲನ್ ಕೇ ಎಂಬ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಮಕ್ಕಳಿಗಾಗಿ 'ಡೈನಾಬುಕ್' ಎಂಬ ಯಂತ್ರವನ್ನು ಕಲ್ಪಿಸಿದ್ದ. ತೆಳು ಹಲಗೆಯಂಥ ಕಂಪ್ಯೂಟರ್. ಇಂದಿನ ಟ್ಯಾಬ್‌ನ ಮುತ್ತಜ್ಜ ಎನ್ನುತ್ತಾರೆ. ಅವನ ಕಲ್ಪನೆಯಲ್ಲಿ ಅದಕ್ಕೆ ಕೀಲಿಮಣೆ ಇತ್ತು, ಮಕ್ಕಳು ಅದರಲ್ಲಿ ತಾವೇ ಪ್ರೋಗ್ರಾಂ ಬರೆಯಬೇಕಿತ್ತು. ನಮಗೆ ಹಲಗೆ ಬಂತು, ಬರೆಯುವ ಭಾಗ ಬರಲಿಲ್ಲ.

ಟ್ಯಾಬ್ ಪರವಾದ ಮಾತುಗಳಲ್ಲಿ ಹುರುಳಿಲ್ಲ ಎನ್ನುತ್ತಿಲ್ಲ. ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ, ಕರೆಂಟ್ ಹೋಗುವ ಊರುಗಳಲ್ಲಿ ಅದು ಸಣ್ಣ ಸಂಗತಿಯಲ್ಲ. ಹಗುರ. ಚಿತ್ರ ಬರೆಯುವವರಿಗೆ, ಗಣಿತ ಬಿಡಿಸುವವರಿಗೆ ಪೆನ್ ಹಿಡಿದು ಪರದೆಯ ಮೇಲೇ ಬರೆಯುವ ಅನುಕೂಲ ಲ್ಯಾಪ್‌ಟಾಪ್‌ನಲ್ಲಿಲ್ಲ. ಆರ್ಕೈವ್ ಡಾಟ್ ಆರ್ಗ್‌ನಲ್ಲಿರುವ ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಓದಲು ಟ್ಯಾಬ್‌ನಷ್ಟು ಚೆಂದದ ಸಾಧನ ಬೇರೆ ಇಲ್ಲ. ಆದರೆ ಓದುವುದು, ನೋಡುವುದು ಆ ಮನೆಯ ಫೋನಿನಲ್ಲೂ ಕಷ್ಟಪಟ್ಟಾದರೂ ನಡೆಯುತ್ತದೆ. ಅಲ್ಲಿ ಇಲ್ಲದಿರುವುದು ಬರೆಯುವ, ಲೆಕ್ಕ ಹಾಕುವ, ತಂತ್ರಾಂಶ ಕಲಿಯುವ ಯಂತ್ರ. ಟ್ಯಾಬ್ ಕೊಟ್ಟರೆ ಇದ್ದದ್ದೇ ಇನ್ನಷ್ಟು ದೊಡ್ಡದಾಗಿ ಬರುತ್ತದೆ, ಇಲ್ಲದ್ದು ಬರುವುದಿಲ್ಲ.

ಕೀಬೋರ್ಡ್ ಜೋಡಿಸಿಕೊಂಡರಾಯಿತಲ್ಲ ಎನ್ನುವವರಿದ್ದಾರೆ. ಜೋಡಿಸಬಹುದು. ಅಲ್ಲಿಗೆ ಟ್ಯಾಬ್ ಅಗ್ಗ ಎನ್ನುವ ವಾದ ಮುಗಿಯಿತು. ಐಪ್ಯಾಡ್ ಪ್ರೋ ಮತ್ತು ಅದರ ಕೀಬೋರ್ಡ್ ಸೇರಿದರೆ ಲಕ್ಷ ದಾಟುತ್ತದೆ. ಅಗ್ಗದ ಟ್ಯಾಬ್‌ಗೆ ಅಗ್ಗದ ಬ್ಲೂಟೂತ್ ಕೀಬೋರ್ಡ್ ಹಾಕಿದರೂ ಟ್ಯಾಲಿ ಓಡುವುದಿಲ್ಲ. ತಮಿಳಿನಲ್ಲಿ ಲ್ಯಾಪ್‌ಟಾಪ್‌ಗೆ 'ಮಡಿಕ್ಕಣಿನಿ' ಎನ್ನುತ್ತಾರೆ. ಮಡಿ ಎಂದರೆ ನಮ್ಮ ಮಡಿಲು. ಟ್ಯಾಬ್‌ಗೆ 'ಕೈಕ್ಕಣಿನಿ'. ಮಡಿಲಲ್ಲಿಟ್ಟರೆ ಎರಡೂ ಕೈ ಕೆಲಸಕ್ಕೆ ಬಿಡುವಾಗುತ್ತವೆ, ಕೈಯಲ್ಲಿ ಹಿಡಿದರೆ ಒಂದು ಕೈ ಹಿಡಿಯುವುದಕ್ಕೇ ಹೋಗುತ್ತದೆ.

ಪುಕ್ಕಟೆ ಲ್ಯಾಪ್‌ಟಾಪ್ ಸಿಕ್ಕ ಮಕ್ಕಳು ಸಿನಿಮಾ ನೋಡುತ್ತಾರೆ, ಮಾರಿಕೊಳ್ಳುತ್ತಾರೆ ಎನ್ನುವುದು ಇನ್ನೊಂದು ಹಳೆಯ ರಾಗ. ಇಲ್ಲಿ ಮಾರಿಕೊಂಡವರೂ ಇದ್ದಾರೆ. ಆದರೆ ಸಿನಿಮಾ ನೋಡುತ್ತಾರೆ ಎಂಬ ಕಾರಣಕ್ಕೆ ಸಿನಿಮಾ ನೋಡಲು ಇನ್ನೂ ಅನುಕೂಲವಾದ ಯಂತ್ರ ಕೊಡುವುದು ಯಾವ ನ್ಯಾಯ? ಲ್ಯಾಪ್‌ಟಾಪ್‌ನಲ್ಲಿ ಸಿನಿಮಾ ನೋಡಿ ಬೇಸರವಾದ ಹುಡುಗ ಒಂದು ದಿನ ಎಕ್ಸೆಲ್ ತೆರೆಯಬಹುದು. ಆ ಸಾಧ್ಯತೆಗಾದರೂ ದುಡ್ಡು ಹಾಕಬೇಕು.

ವಿದ್ಯಾರ್ಥಿಗೇ ಆಯ್ಕೆ ಬಿಡಿ ಎನ್ನುವ ಮಾತು ಕೇಳಲು ಪ್ರಜಾಪ್ರಭುತ್ವದಂತಿದೆ. ಆದರೆ ಒಂದು ಯಂತ್ರವನ್ನು ಬಳಸಿಯೇ ಇರದವನಿಗೆ ಅದರಿಂದ ತನಗೇನು ಆಗಬೇಕು ಎಂದು ಹೇಗೆ ಗೊತ್ತಾಗಬೇಕು? ಅವನು ಕಂಡಿರುವುದು ಫೋನು. ಫೋನಿನ ಹಾಗೇ ಇರುವ, ನುಣ್ಣಗೆ ಹೊಳೆಯುವ ಟ್ಯಾಬ್ ಅವನಿಗೆ ಹಿಡಿಸುವುದು ಸಹಜ. ಟೆಂಡರ್‌ನಲ್ಲಿ ತಮಿಳುನಾಡು 'ಅಥವಾ'ವನ್ನು ಕೈಬಿಟ್ಟದ್ದಕ್ಕೆ ಕಾರಣ ಏನೇ ಇರಲಿ, ಫಲ ಒಳ್ಳೆಯದಾಯಿತು.

ಕೊನೆಯದಾಗಿ ಬಾಳಿಕೆ. ಬೆಂಗಳೂರಿಗೆ ಎಸ್.ಪಿ. ರೋಡ್ ಹೇಗೋ ಚೆನ್ನೈಗೆ ಮೌಂಟ್ ರೋಡ್ ಪಕ್ಕದ ರಿಚಿ ಸ್ಟ್ರೀಟ್ ಹಾಗೆ. ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್‌ಗಳು ಅಲ್ಲಿ ಹದಿನೈದು-ಇಪ್ಪತ್ತು ಸಾವಿರದ ಸುತ್ತ ಸಿಗುತ್ತವೆ. ಅವುಗಳಲ್ಲಿ ಬಹುಪಾಲಿನ ತಳ ಬಿಚ್ಚಿದರೆ ರ‍್ಯಾಮ್, ಎಸ್‌ಎಸ್‌ಡಿ, ಬ್ಯಾಟರಿ ಎಲ್ಲ ಸ್ಕ್ರೂ ತೆಗೆದು ಬದಲಾಯಿಸುವಂತಿರುತ್ತವೆ. ಟ್ಯಾಬ್‌ನ ಪರದೆ, ಬ್ಯಾಟರಿ ಅಂಟು ಹಾಕಿ ಕೂರಿಸಿರುವಂಥವು. ಬಿದ್ದು ಗಾಜು ಒಡೆದರೆ ರಿಪೇರಿಯವನು ಹೇಳುವ ರೇಟು ಕೇಳಿ ಹೊಸದನ್ನೇ ಕೊಳ್ಳೋಣ ಅನಿಸುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿದಾಗ ಹಳೆಯ ಲ್ಯಾಪ್‌ಟಾಪ್‌ಗಳ ಕಥೆಯೂ ಮುಗಿಯಿತು ಎಂದರು. ಮುಗಿಯಲಿಲ್ಲ, ಲಿನಕ್ಸ್ ಹಾಕಿದರೆ ಅವು ಇನ್ನೂ ಕೆಲವು ವರ್ಷ ದುಡಿಯುತ್ತವೆ. ಅಪ್‌ಡೇಟ್ ನಿಂತ ಅಗ್ಗದ ಟ್ಯಾಬ್‌ಗೆ ಅಂಥ ಎರಡನೆಯ ಜನ್ಮ ಇಲ್ಲವೆಂದೇ ಹೇಳಬೇಕು.

ಹಾಗಾಗಿ ದುಡ್ಡು ಹೊಂದಿಸಿ ಕೂತಿರುವ ಅಪ್ಪ-ಅಮ್ಮಂದಿರಿಗೆ ನನ್ನ ಮಾತು ಇಷ್ಟು. ಗೊತ್ತಿರುವ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ನೋಡಿ. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರಲಿ. ಎಲ್ಲ ಕೀಲಿಗಳನ್ನೂ ಒತ್ತಿ ನೋಡಿ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಕೇಳಿ, ಬಿಲ್ಲು ಮತ್ತು ಕೆಲವು ತಿಂಗಳ ವಾರಂಟಿ ಬರೆಸಿಕೊಳ್ಳಿ. ಮನೆಗೆ ತಂದ ದಿನವೇ ಅದರಲ್ಲಿ ಕನ್ನಡ ಕೀಲಿಮಣೆ ಹಾಕಿಕೊಡಿ.

ಕರ್ನಾಟಕದಲ್ಲಿರುವ ಓದುಗರಿಗೆ ಇನ್ನೊಂದು ಮಾತು. ಸರ್ಕಾರಿ ಕಾಲೇಜಿನ ಮಕ್ಕಳಿಗೆ ಮತ್ತೆ ಏನಾದರೂ ಹಂಚುತ್ತೇವೆ ಎಂದು ಬಜೆಟ್‌ನಲ್ಲಿ ಓದಿದಾಗ, ಎಷ್ಟು ಜನಕ್ಕೆ ಎಂದು ಕೇಳುವುದರ ಜೊತೆಗೆ ಏನನ್ನು ಎಂದೂ ಕೇಳಿ. ಟ್ಯಾಬ್ ಎಂದರೆ, ಕೊಡುವ ಇಲಾಖೆಯ ಗುಮಾಸ್ತರಿಂದ ಹಿಡಿದು ಕಾರ್ಯದರ್ಶಿಯವರೆಗೆ ಎಷ್ಟು ಜನ ತಮ್ಮ ಕಚೇರಿ ಕೆಲಸವನ್ನು ಟ್ಯಾಬ್‌ನಲ್ಲಿ ಮಾಡುತ್ತಾರೆ ಎಂದೂ ಕೇಳಿ.